ರಾಮಗಿರಿಯ ತಿಪ್ಪೇಸ್ವಾಮಿ ಗೂಢಚಾರನಾಗಿರಲಿಲ್ಲ

ನನ್ನ ಕಾದಂಬರಿಯಲ್ಲಿ ನೀವು ಗೂಢಚಾರನೆಂದು ಶಪಿಸಿದ ಆ ಮನುಷ್ಯ ಗೂಢಚಾರನಾಗಿರಲಿಲ್ಲ. ಅವರು ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಯ ತಿಪ್ಪೇಸ್ವಾಮಿ. ಅವರನ್ನು ಬಂದೂಕಿನವರ ಕೈಗೆ ಒಪ್ಪಿಸಿದವನು ನಾನು. ಆಮೇಲೆ ಊರಿಗೆ ಬಂದು, ಫ್ಯಾನಿನ ಕೆಳಗೆ ಕೂತು, ಅದೇ ಘಟನೆಯಿಂದ ಒಂದು ರೋಚಕ ಕಾದಂಬರಿ ಹೊಸೆದೆ. ಅದರಲ್ಲಿ ದೇಶದ್ರೋಹಿ ಅವರು, ಅಪಹರಣದ ಸಂಚನ್ನು ಬಯಲಿಗೆಳೆಯುವ ವೀರ ನಾನು. ಹೊಸದುರ್ಗದಲ್ಲಿ ಪುಸ್ತಕ ಬಿಡುಗಡೆಯಾದಾಗ ನೀವು ಚಪ್ಪಾಳೆ ತಟ್ಟಿದಿರಿ. ನಾನು ಕೈಮುಗಿದು ಸ್ವೀಕರಿಸಿದೆ — ಥೂ.

ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದ ನಾನು ಆಫ್ರಿಕಾದ ಒಂದು ಒಣ ದೇಶದಲ್ಲಿ ಕೊಳವೆಬಾವಿ ಕೊರೆಯುವ ಕಂಪನಿಗೆ ಸೇರಿದ್ದೆ. ಯಂತ್ರವಿಟ್ಟು ನೀರಿನ ಜಾಗ ಗುರುತಿಸುವುದು ನನ್ನ ಕೆಲಸ. ತಿಪ್ಪೇಸ್ವಾಮಿ ಬೋರ್ ಕೊರೆಯುವ ಲಾರಿಯ ಮೇಲಿನ ಕೆಲಸಕ್ಕೆ ಬಂದವರು, ನನಗಿಂತ ಹದಿನೈದು ವರ್ಷ ಹಿರಿಯರು. ನಮ್ಮ ಕಡೆ ಬೋರ್ ಪಾಯಿಂಟ್ ನೋಡುವವರು ಮಾಡುವಂತೆ ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಬಯಲಲ್ಲಿ ನಡೆಯುತ್ತಿದ್ದರು. ಕಾಯಿ ಎದ್ದು ನಿಂತಲ್ಲಿ ಕಲ್ಲು ನೆಟ್ಟು, ಸುಣ್ಣ ಬಳಿದು, ಪುಟ್ಟ ನೋಟ್‌ಬುಕ್ಕಿನಲ್ಲಿ ಗುರುತು ಮಾಡಿಕೊಳ್ಳುತ್ತಿದ್ದರು.

"ಇಲ್ಲೈತೆ ನೋಡ್ರಿ ಸಾರ್. ಬೇಕಾದ್ರೆ ನಿಮ್ಮ ಮಿಷನ್ ಇಟ್ಟು ಕೇಳ್ರಿ, ಅದೂ ಹೂಂ ಅಂತೈತೆ" ಎಂದು ನಗುತ್ತಿದ್ದರು.

ನಾಲ್ಕು ಜನರೆದುರು ನಾನು ಅವರನ್ನು ಗೇಲಿ ಮಾಡುತ್ತಿದ್ದೆ. ಆದರೆ ಅವರು ಕಲ್ಲು ನೆಟ್ಟಲ್ಲೇ ಹೋಗಿ ಯಂತ್ರ ಇಡುತ್ತಿದ್ದೆ. ನೀರು ಬಿದ್ದರೆ ವರದಿಯಲ್ಲಿ ನನ್ನ ಹೆಸರು. ಇದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು — ಅವರು ಒಮ್ಮೆಯೂ ಬಾಯಿ ಬಿಡಲಿಲ್ಲ.

ಒಂದು ಮಧ್ಯಾಹ್ನ ಎರಡು ಜೀಪುಗಳಲ್ಲಿ ಬಂದೂಕು ಹಿಡಿದವರು ನಮ್ಮ ಶಿಬಿರಕ್ಕೆ ನುಗ್ಗಿದರು. ಕಲ್ಲಿಗೆ ಸುಣ್ಣ ಬಳಿಯುತ್ತಿದ್ದ ತಿಪ್ಪೇಸ್ವಾಮಿಯವರನ್ನು ಹಿಡಿದು ತಂದಿದ್ದರು. ಆ ಬಂದೂಕಿನವರ ಅಡಗುದಾಣದ ದಾರಿಯುದ್ದಕ್ಕೂ ಅಂಥ ಬಿಳಿ ಕಲ್ಲುಗಳು. ವಿಮಾನದಿಂದ ಬಾಂಬ್ ಹಾಕುವವರಿಗೆ ಗುರುತು ಎಂದು ಅವರ ಅನುಮಾನ. ನೋಟ್‌ಬುಕ್ಕಿನ ಕನ್ನಡ ಅಕ್ಷರ ಅವರ ನಾಯಕನಿಗೆ ಗುಪ್ತಲಿಪಿಯಂತೆ ಕಂಡಿರಬೇಕು. ಬಂದೂಕಿನ ನಳಿಕೆಯನ್ನು ನನ್ನ ಎದೆಗೆ ಒತ್ತಿ ಇಂಗ್ಲಿಷಿನಲ್ಲಿ ಕೇಳಿದ: "ಇವನು ಯಾರಿಗೋಸ್ಕರ ಇದನ್ನು ಮಾಡುತ್ತಿದ್ದಾನೆ?"

ನನಗೋಸ್ಕರ. ನೀರಿಗೋಸ್ಕರ. ಎರಡೇ ಮಾತು ಸಾಕಿತ್ತು. ವರದಿ ತೋರಿಸಬಹುದಿತ್ತು, ನಾವೇ ಕೊರೆದ ಬಾವಿ ಇನ್ನೂರು ಹೆಜ್ಜೆ ದೂರದಲ್ಲಿತ್ತು... ಹೆದರಿದ್ದೆ, ನಿಜ. ಬರೀ ಹೆದರಿಕೆಯಾಗಿದ್ದರೆ — ಇಲ್ಲ, ಅಷ್ಟೇ ಆಗಿರಲಿಲ್ಲ. ಪಕ್ಕದಲ್ಲಿ ಕಂಪನಿಯ ಮುಖ್ಯ ಎಂಜಿನಿಯರ್ ನಿಂತಿದ್ದರು. ನನ್ನ ಪದವಿ ಇಷ್ಟು ದಿನ ಒಂದು ತೆಂಗಿನಕಾಯಿಯ ಹಿಂದೆ ನಡೆಯುತ್ತಿತ್ತು ಎಂದು ಅವರೆದುರು ಒಪ್ಪಿಕೊಳ್ಳಬೇಕಿತ್ತಲ್ಲ!

"ಗೊತ್ತಿಲ್ಲ," ಎಂದೆ ಇಂಗ್ಲಿಷಿನಲ್ಲಿ. "ಅದು ನಮ್ಮ ಕೆಲಸವಲ್ಲ. ಅವನನ್ನೇ ಕೇಳಿ."

ತಿಪ್ಪೇಸ್ವಾಮಿಗೆ ಇಂಗ್ಲಿಷ್ ಬಾರದು. ನಾನು ಬಾಯಿ ತೆರೆದದ್ದನ್ನು ಕಂಡೇ ಅವರ ಮುಖ ಹಗುರಾಯಿತು. ಜೀಪಿಗೆ ದಬ್ಬುವಾಗ ನನ್ನತ್ತ ತಿರುಗಿ, "ಇನ್ನೊಂದ್ಸಲ ಹೇಳ್ರಿ ಸಾರ್, ಅವ್ನಿಗೆ ತಿಳ್ದಂಗಿಲ್ಲ" ಎಂದರು.

ಆ ಮಾತು ಇವತ್ತಿಗೂ — ಹಲ್ಲುಜ್ಜುವಾಗ, ಬಸ್ಸಿನ ಬಾಗಿಲು ದಡಾರನೆ ಮುಚ್ಚಿಕೊಂಡಾಗ, ಮತ್ತೆ ಅದೇ ಧೂಳು, ಅದೇ ನಳಿಕೆ, ಎದೆಯ ಅದೇ ಜಾಗ. ನಾನು ಇನ್ನೊಂದು ಸಲ ಹೇಳಲಿಲ್ಲ.

ಮೂರನೆಯ ದಿನ ವಿಮಾನ ಹತ್ತಿ ಶ್ರೀರಾಂಪುರದ ನನ್ನ ಮನೆ ಸೇರಿದೆ. ಅವರನ್ನು ಬಿಟ್ಟದ್ದು ಐದು ತಿಂಗಳ ಮೇಲೆ. ಯಾವ ವೀರನೂ ಬಿಡಿಸಲಿಲ್ಲ. ಕಟ್ಟಿಹಾಕಿದವರಿಗೇ ಕುಡಿಯುವ ನೀರಿನ ಜಾಗ ತೋರಿಸಿ, ಅವರ ನಂಬಿಕೆ ಗಳಿಸಿ, ಬದುಕಿಕೊಂಡರು. ಬಲಗೈಯ ಹೆಬ್ಬೆರಳು ಈಗ ಮಡಿಸಲು ಬರುವುದಿಲ್ಲ. ಊರಿಗೆ ಬಂದವರೇ ನಮ್ಮ ಮನೆ ಹುಡುಕಿಕೊಂಡು ಬಂದು ನನ್ನ ಅವ್ವನಿಗೆ ಹೇಳಿದರು: "ನಿಮ್ಮ ಮಗ ಆ ಬಂದೂಕಿನೋರ ಹತ್ರ ನನ್ನ ಪರವಾಗಿ ವಾದ ಮಾಡಿದ್ರು ನೋಡ್ರಮ್ಮ." ನಾನು ತಿದ್ದಲಿಲ್ಲ. ಟೀ ತಂದುಕೊಟ್ಟೆ.

ಅದರ ಮೇಲೆ ಕಾದಂಬರಿ! ಪಾತ್ರದ ಹೆಸರು ಬದಲಿಸಿದ್ದೇನೆ ಎಂಬ ಸಮಾಧಾನ ಬೇರೆ. ಆಫ್ರಿಕಾದಲ್ಲಿ ತೆಂಗಿನಕಾಯಿ ಹಿಡಿದು ತಿರುಗಿ ಅಪಹರಣವಾದವರು ಈ ಸೀಮೆಯಲ್ಲಿ ಎಷ್ಟು ಜನ ಇದ್ದಾರೆ? ರಾಮಗಿರಿಯ ಟೀ ಅಂಗಡಿಯಲ್ಲಿ ಕೂತವರು, "ಏನಪ್ಪ ಗೂಢಚಾರ, ಇವತ್ತು ಯಾವ ದೇಶಕ್ಕೆ ಸುದ್ದಿ ಕಳಿಸ್ದೆ?" ಎನ್ನತೊಡಗಿದರು. ಮೊದಲು ತಮಾಷೆ. ಆಮೇಲೆ ಬೋರ್ ಪಾಯಿಂಟ್ ನೋಡಲು ಕರೆಯುವುದನ್ನೂ ಬಿಟ್ಟರು. ದೇಶ ಮಾರಿದವನು ತಮ್ಮ ಹೊಲಕ್ಕೆ ಕಾಲಿಡುವುದು ಬೇಡವಂತೆ.

ಹೋದ ವಾರ ರಾಮಗಿರಿಗೆ ಹೋದೆ. ತಿಪ್ಪೇಸ್ವಾಮಿ ಜಗಲಿ ಮೇಲಿದ್ದರು.

"ಬರ್ರಿ ಸಾರ್, ಕುಂತ್ಕಳ್ರಿ. ನೀವು ಬರೆದಿದ್ದು ಕತೆ ಅಷ್ಟೇ, ಈ ಮಂದಿಗೆ ಬುದ್ಧಿ ಇಲ್ಲ" ಎಂದು ನನ್ನನ್ನೇ ಸಮಾಧಾನ ಮಾಡಿದರು.

ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ. ಅವರು, "ಅವತ್ತು ಹೇಳಿದ್ದನ್ನ ಹಂಗೇ ಇಂಗ್ಲಿಷಲ್ಲಿ ಹೇಳ್ರಿ" ಎಂದರು.

ಹೇಳಿದೆ.

"ಇಷ್ಟೇನಾ? ಬಾಳ ಹೊತ್ತು ಮಾತಾಡಿದಂಗಿತ್ತು ನಂಗೆ." ಮತ್ತೆ, ಮೆಲ್ಲಗೆ — "ಐದು ತಿಂಗ್ಳು ಅದನ್ನೇ ನೆನೆಸ್ಕಂಡು ಜೀವ ಹಿಡ್ಕಂಡಿದ್ದೆ."

ಎದ್ದು ಒಳಗೆ ಹೋದರು. ಬಾಗಿಲು ಹಾಕಲಿಲ್ಲ, ಹೊರಗೂ ಬರಲಿಲ್ಲ.

ಪುಸ್ತಕವನ್ನು ಮತ್ತೆ ಅಚ್ಚು ಹಾಕಬಾರದೆಂದು ಪ್ರಕಾಶಕರಿಗೆ ಬರೆದಿದ್ದೇನೆ. ನಾಳೆ ಬೆಳಗ್ಗೆ, ಜನ ಸೇರುವ ಹೊತ್ತಿಗೆ, ರಾಮಗಿರಿಯ ಆ ಟೀ ಅಂಗಡಿಯ ಮುಂದೆ ನಿಂತು ಇದನ್ನು ಗಟ್ಟಿಯಾಗಿ ಓದುತ್ತೇನೆ. ತಿಪ್ಪೇಸ್ವಾಮಿ ಕ್ಷಮಿಸಲಿ ಎಂದಲ್ಲ. ಅದನ್ನು ಕೇಳುವ ಮುಖ ನನಗಿಲ್ಲ. ಅಲ್ಲಿ ಕೂತವರಿಗೆ ಯಾರ ಮುಖಕ್ಕೆ ಉಗಿಯಬೇಕೆಂದು ಸರಿಯಾಗಿ ಗೊತ್ತಾಗಲಿ.