ಬಾಳಾಸಾಬ ಮೈದಾನಕ್ಕೆ ಕಟ್ಟಿದ ಘಾಟು

ನನ್ನ ತಮ್ಮ ಬಾಳಾಸಾಬ ಗೌಂಡಿ. ಸದಲಗಾ ಸುತ್ತಿನ ಊರುಗಳಲ್ಲಿ ದೂಧಗಂಗೆಯ ನೀರಿಗಿಳಿಯುವ ಪಾವಟಿಗೆ ಕಟ್ಟುತ್ತಲೇ ಅವನ ತಲೆ ಬೆಳ್ಳಗಾಯಿತು. ಹೊಳೆಯ ಘಾಟು ಬಿಟ್ಟರೆ ಅವನು ಕಟ್ಟಿದ್ದು ಕಡಿಮೆ. ಒಂದಿಷ್ಟು ಹಿತ್ತಲ ಗೋಡೆ, ದನದ ಗ್ವಾದಲಿ, ನನ್ನ ಒಲೆಯ ಕಟ್ಟೆ, ಅಷ್ಟೇ. ಗಂಡ ತೀರಿದ ಮೇಲೆ ನಾನು ತವರಿಗೆ ಬಂದು ಅವನ ಮಗ್ಗುಲ ಮನೆಯಲ್ಲೇ ಇದ್ದೇನೆ. ಆದ್ದರಿಂದ ಇಲ್ಲಿ ಬರೆದದ್ದು ನಾನು ಕಣ್ಣಿಂದ ಕಂಡದ್ದು.

ನಮ್ಮೂರ ಘಾಟನ್ನೂ ಅವನೇ ಕಟ್ಟಿದ್ದ. ಬಟ್ಟೆ ಒಗೆದಾದ ಮೇಲೆ ನಾವು ಹೆಂಗಸರು ಅದರ ಮೇಲೆ ಕಾಲು ಮಡಚಿ ಕೂಡುತ್ತಿದ್ದೆವು. ಮಡಿಲಲ್ಲಿ ರೊಟ್ಟಿ ಬಿಚ್ಚಿದರೂ ಜಾಗ ಉಳಿಯುತ್ತಿತ್ತು, ಮಗ್ಗುಲಲ್ಲಿ ಕೂಸನ್ನು ಮಲಗಿಸಿದರೂ ಉರುಳುತ್ತಿರಲಿಲ್ಲ. ದೊಡ್ಡ ಮಹಾಪೂರ ಬಂದ ವರ್ಷ ಹೊಳೆ ಅದರ ಬುಡ ಕೊರೆದು ಕಲ್ಲುಗಳನ್ನು ಹೂಳಿನಲ್ಲಿ ಹುಗಿದುಬಿಟ್ಟಿತು. ಆಮೇಲೆ ಎಲ್ಲರೂ ಮನೆಯ ನಳದ ಕೆಳಗೇ ಒಗೆಯತೊಡಗಿದರು. ಒಂದೇ ಓಣಿಯವರು ವಾರಗಟ್ಟಲೆ ಮುಖ ನೋಡುವುದೂ ತಪ್ಪಿತು. ಬಾಳಾಸಾಬ ಹೊಳೆಯ ಕಡೆ ಹೋಗುವುದನ್ನೇ ಬಿಟ್ಟ.

ನಮ್ಮ ಕಡೆ ಕೊಲ್ಲಾಪುರದ ಗಾಳಿ ಬೀಸುತ್ತದೆ, ಅಲ್ಲಿಯ ಹಾಗೆ ಇಲ್ಲಿಯೂ ಫುಟ್‌ಬಾಲ್ ಹುಚ್ಚು. ನಮ್ಮ ಕಾಲೇಜಿಗೂ ಒಂದು ತಂಡವಿದೆ. ಆದರೆ ನಿಪ್ಪಾಣಿ ಕಡೆಯ ಕಾಲೇಜಿನ ಮುಂದೆ ನಮ್ಮದು ಯಾವಾಗಲೂ ಸಣ್ಣದು. ಅವರ ಮೈದಾನಕ್ಕೆ ತಗಡಿನ ಸೂರಿನ ಗ್ಯಾಲರಿ ಇದೆ, ಸಾಲುಸಾಲು ಕುರ್ಚಿ ಇವೆ. ನಮ್ಮಲ್ಲಿ ಎದುರುಬದುರು ಎರಡು ಮಣ್ಣಿನ ದಿಬ್ಬ, ಅವುಗಳ ಮೇಲೆ ಬೈಕು ನಿಲ್ಲಿಸಿಕೊಂಡ ಒಂದಿಷ್ಟು ಹುಡುಗರು. ಎದುರು ಮನೆಯ ದುಂಡವ್ವನ ಮೊಮ್ಮಗ ಶುಭಮ ನಮ್ಮ ತಂಡದ ಗೋಲು ಕಾಯುವ ಗೋಲಿ. ಅವನು ಒಮ್ಮೆ ನನ್ನ ಮುಂದೆ ಹೇಳಿದ:

"ಅಲ್ಲಿ ಆಡಿದ್ರ ಕಿವಿ ತುಂಬತಾವ ಆಯಿ. ಇಲ್ಲಿ ಆಡಿದ್ರ ಕಾಗಿ ಒದರೂದು ಕೇಳತೈತಿ."

ಕಡೆಗೆ ಪ್ರಿನ್ಸಿಪಾಲರು ಅದರಲ್ಲಿ ಒಂದು ದಿಬ್ಬಕ್ಕೆ ಪಾವಟಿಗೆ ಕಟ್ಟಿಸಲು ಹೊರಟರು. ಇಂಜಿನಿಯರು ನಕಾಶೆ ಕೊಟ್ಟು ಹೋದರು. ಒಂಬತ್ತು ಸಾಲು ಬರಬೇಕೆಂದು ಮಾತು. ಕೆಲಸ ಬಾಳಾಸಾಬನಿಗೆ ಸಿಕ್ಕಿತು. ಹೊಳೆ ಬಿಟ್ಟ ಮೇಲೆ ಅವನು ಅಷ್ಟು ಹುರುಪಿನಿಂದ ಕರಣಿ ಹಿಡಿದದ್ದನ್ನು ನಾನು ಕಂಡಿರಲಿಲ್ಲ. ಬೆಳಗಿನ ಚಹಾ ನಿಂತೇ ಕುಡಿದು ಹೋಗುತ್ತಿದ್ದ.

ಕೆಲಸ ಮುಗಿದಾಗ ದಿಬ್ಬದಲ್ಲಿ ಐದೇ ಸಾಲು ಇದ್ದವು, ಒಂದೊಂದೂ ಹೊಳೆಯ ಪಾವಟಿಗೆಯಷ್ಟು ಅಗಲ. ನಾನು ಅವನಿಗೆ ಬುತ್ತಿ ಒಯ್ದಿದ್ದೆ, ಪ್ರಿನ್ಸಿಪಾಲರು ಅಲ್ಲೇ ನಿಂತಿದ್ದರು.

"ಬಾಳಾಸಾಬ, ಇದೇನ ಮಾಡಿಟ್ಟಿ? ಒಂಬತ್ತ ಸಾಲ ಎಲ್ಲಿ ಹೋದವು?"

"ತಪ್ಪ ನಂದ ಐತ್ರಿ ಸಾಹೇಬ್ರ. ನಕಾಶ್ಯಾಗ ಎತ್ತರ ನೋಡಿದ್ನಿ, ಅಗಲ ನೋಡ್ಲಿಲ್ಲ. ಪಾವಟಗಿ ಅಂದಕೂಡ್ಲೆ ಕೈ ತನ್ನ ರೂಢಿ ಪ್ರಕಾರ ಹೋತ್ರಿ."

"ಇದು ಗ್ಯಾಲರಿ ಅಲ್ಲೋ, ಘಾಟ. ಹೊಳಿ ಒಂದ ಕಡಿಮಿ ಐತಿ." ಪ್ರಿನ್ಸಿಪಾಲರು ಸಿಟ್ಟಿನ ಮನುಷ್ಯರಲ್ಲ, ಆದರೂ ಮುಖ ಸಣ್ಣದಾಗಿತ್ತು. "ರವಿವಾರ ನಿಪ್ಪಾಣಿಯವ್ರ ಜೋಡಿ ಮ್ಯಾಚ್ ಐತಿ. ಅವತ್ತ ಮಂದಿ ತುಂಬಿದ್ರ ಇರಲಿ. ತುಂಬದಿದ್ರ ಒಡದ ಸಣ್ಣ ಪಾವಟಗಿ ಮಾಡಸೂದ."

ಆ ದಿನ ಬಾಳಾಸಾಬ ಬುತ್ತಿ ಬಿಚ್ಚಲೇ ಇಲ್ಲ. ಒಂದು ಘಾಟು ಹೊಳೆಗೆ ಹೋಗಿತ್ತು. ಈಗ ಇನ್ನೊಂದಕ್ಕೆ ಅವನೇ ಸುತ್ತಿಗೆ ಹಾಕಬೇಕಿತ್ತು.

ಅವನ ಹೆಂಡತಿ ಸಕ್ಕುಬಾಯಿಯ ಬಾಯಿ ಜೋರು. ಮೊದಲು ಗಂಡನನ್ನು ಬೈದಳು: "ಒಣಾ ನೆಲದಾಗ ಘಾಟ ಕಟ್ಟಿದಾಂವ ಈ ಚಿಕ್ಕೋಡಿ ಸೀಮ್ಯಾಗ ನೀವೊಬ್ಬರ ಇರಬೇಕ." ಆಮೇಲೆ ನನ್ನ ಕಡೆ ತಿರುಗಿದಳು: "ಒಡಿಯೂಕಿಂತ ಮೊದಲ ಒಂದ ಸಲಾನರೆ ಕುಂತ ಬರೂಣು ನಡೀರಿ ಅಕ್ಕಾರ."

ರವಿವಾರ ಮುಂಜಾನೆ ಅವಳು ಓಣಿಯ ಬಾಗಿಲು ಬಾಗಿಲಿಗೆ ಹೋದಳು. ನಾನೂ ಹಿಂದೆ ಹೋದೆ.

"ಘಾಟಿಗೆ ಹೋಗೂಣು ಬರ್ರಿ."

ದುಂಡವ್ವ ಕೇಳಿದಳು, "ಘಾಟ ಹೊಳಿಗಿ ಹೋಗಿ ಎಷ್ಟ ವರ್ಷಾತ ಬೇ, ತಲಿ ನೆಟ್ಟಗ ಐತೇನ?"

"ಕಾಲೇಜಿನ್ಯಾಗ ಎದ್ದೈತಿ. ರೊಟ್ಟಿ ಕಟಗೋ. ನಿನ್ನ ಮೊಮ್ಮಗ ಆಡೂದು ಎಂದಾದ್ರು ನೋಡೀಯೇನ?"

ದುಂಡವ್ವ ನೋಡಿರಲಿಲ್ಲ. ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಗಂಡಸರ ನಡುವೆ ಬಿಸಿಲಲ್ಲಿ ನಿಂತು ನೋಡುವುದಕ್ಕೆ ಯಾವ ಹೆಂಗಸು ಹೋಗುತ್ತಾಳೆ? ಪಾವಟಿಗೆ ಕಂಡೊಡನೆ ಮಾತ್ರ ಯಾರಿಗೂ ಏನೂ ಹೇಳಬೇಕಾಗಲಿಲ್ಲ. ಚಪ್ಪಲಿ ಕೆಳಗೆ ಬಿಟ್ಟು, ಸೆರಗು ತಲೆಯ ಮೇಲೆ ಎಳೆದು, ಹೊಳೆಯಲ್ಲಿ ಯಾರು ಯಾರ ಮಗ್ಗುಲಿಗೆ ಕೂಡುತ್ತಿದ್ದರೋ ಹಾಗೆಯೇ ಕೂತರು. ನಮ್ಮನ್ನು ನೋಡಿ ಮಗ್ಗುಲ ಓಣಿಯವರು ಬಂದರು, ಡೇರಿಗೆ ಹಾಲು ಹಾಕಿ ಹೊರಟವರು ಖಾಲಿ ಕ್ಯಾನಿನ ಸಮೇತ ಬಂದರು. ಹೆಂಗಸರು ಬಂದ ಮೇಲೆ ಮನೆಯ ಗಂಡಸರೂ ಬಂದು ಹಿಂದೆ ನಿಂತರು.

ನಿಪ್ಪಾಣಿ ತಂಡದ ಹುಡುಗರು ಟೆಂಪೋ ತುಂಬಿ ಬಂದರು. ಘಾಟಿನ ಸುದ್ದಿ ಅವರಿಗೆ ಮುಟ್ಟಿತ್ತು. ಕೈಯಲ್ಲಿ ಬಕೀಟು, ಬಟ್ಟೆ ಸಾಬೂನು.

"ಒಗಿಯಾಕ ಬಂದೇವ್ರಿ ಆಯಿ, ನೀರೆಲ್ಲಿ ಐತಿ?" ಎಂದು ಒಬ್ಬ ಸಾಬೂನನ್ನು ಕೆಳಗಿನ ಪಾವಟಿಗೆಯ ಮೇಲೆ ಎಸೆದ.

ದುಂಡವ್ವ ಅದನ್ನು ಎತ್ತಿ, ಮೂಸಿ, ಉಡಿಯಲ್ಲಿ ಹಾಕಿಕೊಂಡಳು. "ಚಲೋ ವಾಸನಿ ಐತಿ. ಇನ್ನೊಂದ ಇದ್ರ ಕೊಡೊ ಮಗನ, ಸೊಸಿದೂ ಮುಗದೈತಿ."

ಅವನ ಜೊತೆಯವರೇ ಅವನನ್ನು ನೋಡಿ ನಕ್ಕರು. ಅವನು ಉಳಿದ ಸಾಬೂನನ್ನೂ ಅವಳ ಕೈಗೆ ಕೊಟ್ಟು ಹೋದ.

ಆಟ ನಮಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಸೀಟಿ ಊದುವವನು ಯಾರ ಕಡೆಯವನೆಂದು ಸಕ್ಕುಬಾಯಿ ಕೇಳಿದಳು. ಯಾರ ಕಡೆಯೂ ಅಲ್ಲ ಎಂದು ಹಿಂದಿನಿಂದ ಯಾರೋ ಹೇಳಿದರು. "ಅದಕ್ಕ ಇಬ್ಬರೂ ಬೈತಾರ, ಬಡಪಾಯಿಗೆ," ಎಂದಳು. ಚೆಂಡು ಗೋಲಿನ ಕಡೆ ಬಂದಾಗಲೆಲ್ಲ ದುಂಡವ್ವ ಎದ್ದು ನಿಲ್ಲುತ್ತಿದ್ದಳು: "ಶುಭಮ, ಕೈಲೆ ಹಿಡಿ ಲೇ, ನಿನಗಷ್ಟ ಪರವಾನಗಿ ಐತಿ!" ಅವನು ಒಂದನ್ನು ಹಾರಿ ಹಿಡಿದಾಗ ಐದೂ ಸಾಲು ಒಟ್ಟಿಗೆ ಕೂಗಿದವು. ಶುಭಮ ಚೆಂಡನ್ನು ಎದೆಗೆ ಅವಚಿಕೊಂಡು ನಮ್ಮ ಕಡೆ ನೋಡಿದ. ಆ ಸಪ್ಪಳ ಎಲ್ಲಿಂದ ಬಂತೆಂದು ಅವನಿಗೆ ತಿಳಿಯದ ಹಾಗಿತ್ತು.

ಬಾಳಾಸಾಬ ಮಾತ್ರ ಗೇಟಿನ ಬಳಿಯೇ ನಿಂತಿದ್ದ. ನಾನು ಕೈ ಮಾಡಿ ಕರೆದರೂ ಬರಲಿಲ್ಲ.

ಅರ್ಧ ಆಟದ ಬಿಡುವಿನಲ್ಲಿ ಪ್ರಿನ್ಸಿಪಾಲರು ಸಾಲುಗಳ ಕೆಳಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರು. ಕೂಡಲು ಜಾಗ ಸಿಗಲಿಲ್ಲ. ಸಕ್ಕುಬಾಯಿ ತನ್ನ ಮಗ್ಗುಲಲ್ಲಿ ಯಾರೋ ಮಲಗಿಸಿದ್ದ ಕೂಸನ್ನು ಮಡಿಲಿಗೆ ಎತ್ತಿಕೊಂಡಳು. "ಇಲ್ಲೆ ಬರ್ರಿ ಸಾಹೇಬ್ರ. ಬೂಟ ಕೆಳಗ ಬಿಡ್ರಿ." ಅವರು ಬೂಟು ಬಿಚ್ಚಿ, ಪ್ಯಾಂಟು ಮೊಣಕಾಲಿನ ಹತ್ತಿರ ಎತ್ತಿಕೊಂಡು, ನಮ್ಮ ಹಾಗೆಯೇ ಕಾಲು ಮಡಚಿ ಕೂತರು. ಉಳಿದ ಆಟವನ್ನು ಅಲ್ಲಿಂದಲೇ ನೋಡಿದರು. ಯಾರೋ ಕೊಟ್ಟ ರೊಟ್ಟಿ, ಶೇಂಗಾ ಚಟ್ನಿಯನ್ನೂ ತಿಂದರು.

ಒಂದು ಗೋಲಿನಿಂದ ನಾವು ಸೋತೆವು. ಸೀಟಿ ಊದಿದ ಮೇಲೂ ಹೆಂಗಸರು ಏಳಲಿಲ್ಲ. "ಮುಗೀತೇನ? ಇನ್ನೊಂದ ಆಡಸ್ರಿ," ಎಂದಳು ದುಂಡವ್ವ.

ಪ್ರಿನ್ಸಿಪಾಲರು ಬೂಟು ಕೈಯಲ್ಲಿ ಹಿಡಿದೇ ಗೇಟಿನ ಕಡೆ ಹೋದರು. ನಾನು ಹಿಂದೆಯೇ ಇದ್ದೆ.

"ಬಾಳಾಸಾಬ, ಎದರಿನ ದಿಬ್ಬಕ್ಕೂ ಕಟ್ಟು."

"ಒಂಬತ್ತ ಸಾಲ್ರಿ?"

"ಘಾಟ ಕಟ್ಟೋ ಮಾರಾಯಾ."

ನನ್ನ ತಮ್ಮ ತಲೆಯ ರುಮಾಲು ತೆಗೆದು ಮುಖ ಒರೆಸಿಕೊಂಡ. ಆಮೇಲೆ ಹೋಗಿ ಮೇಲಿನ ಸಾಲಿನ ತುದಿಯಲ್ಲಿ, ತಾನು ಕಟ್ಟಿದ ಪಾವಟಿಗೆಯ ಮೇಲೆ ಮೊದಲ ಸಲ ಕೂತ.

ಆಚೆಯವರ ಗ್ಯಾಲರಿ ಈಗಲೂ ನಮ್ಮದಕ್ಕಿಂತ ದೊಡ್ಡದು, ಮಂದಿಯೂ ಹೆಚ್ಚು. ಅದನ್ನು ಇಲ್ಲವೆನ್ನುವುದು ಸುಳ್ಳಾಗುತ್ತದೆ. ಆದರೆ ಅಲ್ಲಿ ಕೂಸು ಮಲಗಿಸಲು ಜಾಗವಿಲ್ಲ.

ಈಗ ಎದುರಿನ ದಿಬ್ಬದ ಕೆಲಸ ನಡೆದಿದೆ. ನಕಾಶೆ ಯಾರೂ ತಂದಿಲ್ಲ. ಒಂದೊಂದು ಸಾಲಿಗೆ ಕಲ್ಲು ಜೋಡಿಸಿದ ಮೇಲೆ, ಗಾರೆ ಹಾಕುವ ಮೊದಲು, ಬಾಳಾಸಾಬ ಮನೆಗೆ ಹೇಳಿಕಳಿಸುತ್ತಾನೆ. ಸಕ್ಕುಬಾಯಿ ಕೈ ಒರೆಸಿಕೊಳ್ಳುತ್ತ ಬಂದು, ಚಪ್ಪಲಿ ಬಿಟ್ಟು, ಕಲ್ಲಿನ ಮೇಲೆ ಕಾಲು ಮಡಚಿ ಕೂಡುತ್ತಾಳೆ.

"ಇನ್ನ ನಾಕ ಬಟ್ಟ ಹಿಂದ ಸರಸ್ರಿ," ಎಂದು ನಾಲ್ಕು ಬೆರಳು ತೋರಿಸುತ್ತಾಳೆ.

ಅವನು ಸರಿಸುತ್ತಾನೆ.