ಮರಿಸಿದ್ದಣ್ಣ ಕುಡಿದಿರಲಿಲ್ಲ

ಮರಿಸಿದ್ದಣ್ಣ ಹಾರ್ನ್ ಹೊಡೆಯುತ್ತಿರಲಿಲ್ಲ. ಶಾಲೆಯ ಬಸ್ಸಿಗೆ ಯಾರಾದರೂ ಅಡ್ಡ ಬಂದರೆ ಕಿಟಕಿಯಿಂದ ತಲೆ ಹೊರಹಾಕಿ, "ಅಕ್ಕಾ, ಒಸಿ ಈಚೆಗೆ ಬನ್ನಿ", "ಯಜಮಾನ್ರೇ, ದಾರಿ ಬುಡಿ" ಎಂದು ಕೇಳಿಕೊಳ್ಳುತ್ತಿದ್ದ. ಹಿಂದೆ ಎಲ್‌ಕೆಜಿ ಮಕ್ಕಳು ಒಂದರ ಮೇಲೊಂದು ಒರಗಿ ಮಲಗಿರುತ್ತಿದ್ದವು. "ಎಬ್ಬಿಸಿದ್ರೆ ಅಳ್ತವೆ. ಆಮೇಲೆ ನೀವೇ ಎತ್ಕಬೇಕು, ಮಿಸ್" ಎನ್ನುತ್ತಿದ್ದ. ಶೆಟ್ಟಿಹಳ್ಳಿಯಿಂದ ಗುಬ್ಬಿ ರಸ್ತೆಯ ನಮ್ಮ ಶಾಲೆಯವರೆಗೆ ವರ್ಷಗಟ್ಟಲೆ ಅವನ ಬೆನ್ನ ಹಿಂದೆಯೇ ಕೂತು ಹೋದ ಟೀಚರ್ ನಾನು.

ಒಂದು ಬೆಳಿಗ್ಗೆ ಬಸ್ಸನ್ನು ಮೆಲ್ಲಗೆ ಬದಿಗೆ ತಂದು ನಿಲ್ಲಿಸಿದ. ಹ್ಯಾಂಡ್‌ಬ್ರೇಕ್ ಎಳೆದು, ಕೀ ತೆಗೆದು ನನ್ನ ಕೈಗೆ ಕೊಟ್ಟ. "ಮಕ್ಳನ್ನ ನೋಡ್ಕಳಿ, ಮಿಸ್" ಅಂದವನು ಹೊಟ್ಟೆ ಹಿಡಿದು ಸೀಟಿನಲ್ಲೇ ಮಡಚಿಕೊಂಡ.

ಮೇದೋಜೀರಕ ಗ್ರಂಥಿ ಊದಿದೆ ಎಂದರು ಆಸ್ಪತ್ರೆಯಲ್ಲಿ. ಎಷ್ಟು ಕುಡೀತೀಯಾ ಎಂದು ಕೇಳಿದರು. ಇಲ್ಲ ಅಂದಿದ್ದರೆ ಮುಗಿಯುತ್ತಿತ್ತೇನೋ. ಇವನು, "ಮದ್ವೆಗೆ ಮುಂಚೆ ಕುಡೀತಿದ್ದೆ ಸಾರ್, ಆಮೇಲೆ ಮುಟ್ಟಿಲ್ಲ" ಅಂದ. ಡಾಕ್ಟರು ಮೊದಲರ್ಧವನ್ನು ಮಾತ್ರ ಕೇಳಿಸಿಕೊಂಡರು. ಡಿಸ್ಚಾರ್ಜ್ ಚೀಟಿಯಲ್ಲಿ ಕುಡಿತದಿಂದ ಬಂದದ್ದು ಎಂದು ಬರೆದರು. ಕುಡಿಯುವವನ ಕೈಗೆ ಮಕ್ಕಳ ಬಸ್ಸನ್ನು ಯಾರು ಕೊಡುತ್ತಾರೆ? ಚೀಟಿ ನೋಡಿದ ಶಾಲೆಯವರು ಅವನನ್ನು ಗೇಟು ಕಾಯಲು ಹಾಕಿದರು. ಹೊಸ ಡ್ರೈವರ್ ಅದೇ ಬಸ್ಸನ್ನು ಹಾರ್ನ್ ಹೊಡೆಯುತ್ತಾ ತಂದಾಗ ಮರಿಸಿದ್ದಣ್ಣನೇ ಗೇಟು ತೆಗೆಯುತ್ತಿದ್ದ.

ಮತ್ತೆ ನೋವು ಬಂತು. ಹೆಂಡತಿ ಮಂಗಳಮ್ಮ ಅವನು ಬಿಚ್ಚಿಟ್ಟ ಶರ್ಟುಗಳನ್ನು ಮೂಸಿ ನೋಡತೊಡಗಿದಳು. ಅವನು ನೋಡಿಯೂ ನೋಡದವನಂತೆ ಇದ್ದ. "ಅವಳದ್ದೇನು ತಪ್ಪು, ಮಿಸ್? ದೊಡ್ಡ ಡಾಕ್ಟ್ರೇ ಬರ್ದವ್ರೆ" ಅಂದ ನನ್ನ ಬಳಿ.

ಮೂರನೆಯ ಸಲ ಬೇರೆ ಆಸ್ಪತ್ರೆ. ಅಲ್ಲಿನ ಲೇಡಿ ಡಾಕ್ಟರ್ ಕುಡಿತದ ಮಾತೆತ್ತುವ ಮೊದಲು, ಕಿಡ್ನಿಯಲ್ಲಿ ಕಲ್ಲಾಗಿತ್ತಾ ಎಂದು ಕೇಳಿದರು. ಆಗಿತ್ತು. ಮೂಳೆ ನೋಯುತ್ತಾ? ನೋಯುತ್ತಿತ್ತು. ರಕ್ತದಲ್ಲಿ ಕ್ಯಾಲ್ಸಿಯಂ ನೋಡಿಸಿದರು. ಬಹಳ ಏರಿತ್ತು.

ಮಂಗಳಮ್ಮನನ್ನೂ ನನ್ನನ್ನೂ ಮಂಚದ ಪಕ್ಕ ನಿಲ್ಲಿಸಿಕೊಂಡು ಅವರು ಬಿಡಿಸಿ ಹೇಳಿದರು: "ಕತ್ತಿನಲ್ಲಿ, ಥೈರಾಯ್ಡ್ ಹಿಂದೆ, ಕಾಳಿನಷ್ಟು ಸಣ್ಣ ಗ್ರಂಥಿಗಳಿರುತ್ತವೆ. ಇವರಿಗೆ ಒಂದು ಬೆಳೆದುಬಿಟ್ಟಿದೆ. ಅದು ಹಾರ್ಮೋನು ಹೆಚ್ಚು ಬಿಟ್ಟು, ಮೂಳೆಯ ಕ್ಯಾಲ್ಸಿಯಂ ಎಳೆದು ರಕ್ತಕ್ಕೆ ಸುರೀತಿದೆ. ಮೇದೋಜೀರಕದಲ್ಲಿ ಹುಟ್ಟುವ, ಅನ್ನ ಕರಗಿಸುವ ರಸ ಕರುಳಿಗೆ ಹೋದ ಮೇಲೆ ಕೆಲಸ ಶುರು ಮಾಡಬೇಕು. ಕ್ಯಾಲ್ಸಿಯಂ ಇಷ್ಟು ಏರಿದರೆ, ಹುಟ್ಟಿದ ಜಾಗದಲ್ಲೇ ಶುರು ಮಾಡಿಬಿಡಬಹುದು. ಇದು ಕುಡಿತದ್ದಲ್ಲ."

"ಅಂದ್ರೆ, ನನ್ನ ನಾನೇ ಅರಗಿಸ್ಕಂತಾ ಇದೀನಾ, ಮೇಡಂ?" ಎಂದು ಕೇಳಿದ ಮರಿಸಿದ್ದಣ್ಣ.

ಮಂಗಳಮ್ಮ ಗೋಡೆಗೆ ಮುಖ ಮಾಡಿ ನಿಂತಳು.

ಊತ ಇಳಿದ ಮೇಲೆ ಕತ್ತಿನ ಆಪರೇಷನ್ ಎಂದಾಯಿತು. ಊತ ಇಳಿಯಲಿಲ್ಲ. ಒಳಗೆ ಕೊಳೆತು ನಂಜಾಯಿತು. ಐಸಿಯುನಲ್ಲಿ ನಾನು ಕೊನೆಯ ಬಾರಿ ನೋಡಿದಾಗ ಅವನ ತುಟಿ ಒಣಗಿತ್ತು. "ಸ್ಕೂಲಲ್ಲಿ ಹೇಳಿದ್ರಾ, ಮಿಸ್?" ಅಂದ. ಹೇಳಿದ್ದೆ. ಪ್ರಿನ್ಸಿಪಾಲರು ಪಾಪ ಅಂದಿದ್ದರು. "ಎಲ್ಲರಿಗೂ ಗೊತ್ತಾಗಿದೆ" ಅಂದೆ. ಕಣ್ಣು ಮುಚ್ಚಿಕೊಂಡ. ಮಾರನೆಯ ದಿನ ಹೋದ.

ಹುತ್ರಿದುರ್ಗದ ತಪ್ಪಲಿನ ಅವರ ಜಮೀನಿನಲ್ಲಿ ಸಮಾಧಿ ಮಾಡಿದರು. ತಿಥಿಯ ಊಟಕ್ಕೆ ನಾನೂ ಹೋಗಿದ್ದೆ. ಪಂಕ್ತಿಯಲ್ಲಿದ್ದ ಹಿರಿಯರೊಬ್ಬರು, "ಒಳ್ಳೆ ಮನ್ಸ. ಆ ಕುಡಿತ ಒಂದು ಇಲ್ದಿದ್ರೆ ಇನ್ನೂ ಬದುಕ್ತಿದ್ದ" ಅಂದರು.

ಪಾಯಸ ಬಡಿಸುತ್ತಿದ್ದ ಮಂಗಳಮ್ಮ ನಿಂತಳು. "ಕುಡೀತಿರ್ಲಿಲ್ಲ ಕಣಣ್ಣ. ಕತ್ತಲ್ಲಿ ಒಂದು ಗಂಟಿತ್ತು. ಅದ್ರಿಂದ ಬಂದಿದ್ದು."

"ಆಯ್ತು ಬುಡವ್ವ. ಹೋದವ್ನು ಹೋದ, ಈಗ್ಯಾಕೆ ಆ ಮಾತು" ಎಂದು ಅವರು ಸಮಾಧಾನ ಹೇಳಿದರು.

ಅವಳು ಮುಂದಿನ ಎಲೆಗೆ ಹೋದಳು. ಬಾಗಿ ಪಾಯಸ ಹಾಕಿ, "ಅವ್ರು ಕುಡೀತಿರ್ಲಿಲ್ಲ" ಅಂದಳು. ಅದರಾಚೆಯ ಎಲೆಗೂ ಹೋಗಿ ಅದನ್ನೇ ಹೇಳಿದಳು. ಪಂಕ್ತಿಯ ಕೊನೆಯವರೆಗೂ ಹೇಳುತ್ತಲೇ ಹೋದಳು. ಯಾರೂ ತಲೆ ಎತ್ತಲಿಲ್ಲ.