ಉಪ್ಪುನೀರಿನ ಬಟ್ಟಲು

ಬೋಲ್ಟು ಅಂಗಡಿಯ ಯಜಮಾನರಿಗೆ ಹೊಳಪು ಕಂಡರಾಗುವುದಿಲ್ಲ. ಗಿರಾಕಿ ಮಿರಮಿರ ಮಿಂಚುವ ಸ್ಕ್ರೂ ಎತ್ತಿಕೊಂಡರೆ ಸಾಕು, “ಅದು ಬರೀ ಮೇಲಿನ ಲೇಪ ಕಣಪ್ಪ, ಒಂದೇ ಮಳೆಗೆ ಬಣ್ಣ ಬಯಲಾಗುತ್ತೆ” ಎಂದು ಕಸಿದುಕೊಳ್ಳುತ್ತಾರೆ. ಹೊಸ ಸರಕು ಬಂದರೆ ಅದರಲ್ಲೊಂದು ಹಿಡಿಯನ್ನು ಉಪ್ಪುನೀರಿನ ಬಟ್ಟಲಲ್ಲಿ ನೆನೆಹಾಕಿ, ತುಕ್ಕು ಕಂಡರೆ ಇಡೀ ಮೂಟೆಯನ್ನೇ ವಾಪಸು ಅಟ್ಟುತ್ತಾರೆ. ಬೇರೆ ಅಂಗಡಿಯ ಬೋಲ್ಟಿಗಂತೂ ಅವರ ಬಾಯಿಂದ ಒಂದು ‘ಭೇಷ್’ ಬಿದ್ದದ್ದಿಲ್ಲ. ಹೆಂಡತಿ ಜಾರಿಬಿದ್ದು ಸೊಂಟ ಮುರಿದುಕೊಂಡಾಗ ಡಾಕ್ಟರನ್ನೇ ಅಡ್ಡಗಟ್ಟಿ, “ಮೂಳೆಯೊಳಗೆ ಹಾಕೋ ಸ್ಕ್ರೂ ಯಾವ ಲೋಹದ್ದು ಸ್ವಾಮಿ? ಒಂದು ಕೊಡಿ, ನೆನೆಹಾಕಿ ನೋಡ್ತೀನಿ” ಎಂದು ಗಂಟುಬಿದ್ದಿದ್ದರು. ಡಾಕ್ಟರು ನಕ್ಕು ಕೊಟ್ಟದ್ದನ್ನು ಬಟ್ಟಲಿಗೆ ಹಾಕಿ, ದಿನಾ ಬೆಳಿಗ್ಗೆ ಬೀಗ ತೆಗೆದವರೇ ಅದರೊಳಗೆ ಬಗ್ಗಿ ನೋಡುತ್ತಿದ್ದರು. ಇವತ್ತು ಆಕೆ ಕೋಲಿಲ್ಲದೆ ಅಂಗಡಿಯ ಮೆಟ್ಟಿಲು ಹತ್ತಿ ಬಂದಾಗ, ಒಂದು ಚುಕ್ಕೆ ತುಕ್ಕೂ ಹಿಡಿಯದ ಆ ಸ್ಕ್ರೂ ಇದ್ದ ಬಟ್ಟಲನ್ನು ಎತ್ತಿ ಹಿಡಿದು ಬೀದಿಗೆಲ್ಲ ಕೇಳುವಂತೆ ಕೂಗಿದರು: “ಭೇಷ್! ನಮ್ಮ ಅಂಗಡೀದಲ್ಲ, ಆದ್ರೂ ಭೇಷ್!”